ಕಡತದ ಬೀಗದ ಕೈ ಯಾರಲ್ಲಿ?

ಕಡತ ಎಂಬ ಮಾತನ್ನು ಇಂದು ನಾವು ಕಚೇರಿಯ ಫೈಲಿಗೂ ಗಣಕಯಂತ್ರದ ಫೈಲಿಗೂ ಒಂದೇ ಸಮನೆ ಬಳಸುತ್ತೇವೆ. ನಮ್ಮ ಹಿರಿಯರ ಕಾಲದ ಕಡತವೇ ಬೇರೆ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಲಗೆಯಂತೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಪ್ಪು ಪುಸ್ತಕ ಅದು. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ವರ್ತಕರ ಕೊಡುಕೊಳ್ಳುವಿಕೆ, ಮಠಗಳ ದಾಖಲೆ ಎಲ್ಲವೂ ಕಡತದಲ್ಲಿ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಇಂದಿಗೂ ಒಳ್ಳೆಯ ಆಕರ. ಅಂಥ ಕಡತವನ್ನು ಓದಲು ಬೇಕಾದುದು ಎರಡೇ: ಕಣ್ಣು ಮತ್ತು ಅಕ್ಷರಜ್ಞಾನ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಹೊಗೆ ಹಿಡಿದು ಬಿದ್ದಿರುವ ತಾಳೆಗರಿಯ ಪ್ರಸಂಗಗಳೂ ಹಾಗೆಯೇ. ಧೂಳು ಒರೆಸಿ ಬೆಳಕಿಗೆ ಹಿಡಿದರೆ ಬಲ್ಲವರು ಓದಬಲ್ಲರು.

ಗಣಕಯಂತ್ರದ ಕಡತವಾದರೋ ಹಾಗಲ್ಲ. ಅದರೊಳಗಿರುವುದು ಬರಿಯ ಸಂಖ್ಯೆಗಳ ಸಾಲು. ಆ ಸಂಖ್ಯೆಗಳನ್ನು ಅಕ್ಷರವಾಗಿಸಿ, ಸಾಲಾಗಿಸಿ, ಪುಟವಾಗಿಸಿ ತೋರಿಸಲು ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ತಂತ್ರಾಂಶ. ದುಭಾಷಿ ಇಲ್ಲದಿದ್ದರೆ ಕಡತ ಕೈಯಲ್ಲಿದ್ದೂ ಇಲ್ಲದಂತೆ. ಹಾಗಾದರೆ ಈ ದುಭಾಷಿ ಯಾರ ಕಡೆಯವನು, ಯಾರ ಮಾತು ಕೇಳುತ್ತಾನೆ, ನಾಳೆ ಅವನು ಬಾರದೆ ಹೋದರೆ ನಮ್ಮ ಗತಿಯೇನು ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳೂ ರಕ್ಷಕರೂ ಕೇಳಿಕೊಳ್ಳಬೇಕಾಗಿದೆ. ಏಕೆಂದರೆ ಮನೆಯ ಮುಖ್ಯ ಕಾಗದಗಳಲ್ಲಿ ಹೆಚ್ಚಿನವು ಈಗ ಅಕ್ಷಯ ಕೇಂದ್ರದ ಮೂಲಕ ಕಡತದ ರೂಪದಲ್ಲಿಯೇ ಮೊಬೈಲಿಗೆ ಬಂದು ಬೀಳುತ್ತಿವೆ.

ನಮ್ಮ ಶಾಲೆಯ ಕಪಾಟಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಹಿಂದಿನ ಕೆಲವು ವಾರ್ಷಿಕ ಸಂಚಿಕೆಗಳ ಅಚ್ಚಿನ ಪ್ರತಿಗಳು ಗೆದ್ದಲು ಹಿಡಿದು, ಮಳೆಗಾಲದ ಥಂಡಿಗೆ ಸಿಕ್ಕಿ ಹಾಳಾದವು. ಸಿ.ಡಿ.ಗಳು ಮಾತ್ರ ಉಳಿದಿದ್ದವು. ಅವುಗಳಲ್ಲಿ ಎರಡನ್ನು ತೆರೆಯಲು ಹೋದಾಗ ಒಂದು ಕಡತ ತೆರೆಯಲೇ ಇಲ್ಲ. ಅದನ್ನು ಮಾಡಿದ ಪುಟವಿನ್ಯಾಸದ ತಂತ್ರಾಂಶದ ಆ ಆವೃತ್ತಿ ಈಗ ಎಲ್ಲಿಯೂ ಮಾರಾಟಕ್ಕಿಲ್ಲ. ಪುಟ ಕಟ್ಟಿದ ಮುದ್ರಣಾಲಯವೂ ಮುಚ್ಚಿಹೋಗಿದೆ. ಇನ್ನೊಂದು ತೆರೆಯಿತು, ಆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಿಚಡಿ ಕಂಡಿತು. ಅಂದು ಹತ್ತನೆಯ ತರಗತಿಯಲ್ಲಿದ್ದು ಚಂದದ ಕವಿತೆ ಬರೆದ ಹುಡುಗಿ ಇಂದು ಮಗಳನ್ನು ನಮ್ಮಲ್ಲಿಗೇ ಕಳುಹಿಸುತ್ತಿದ್ದಾರೆ. ಆ ಕವಿತೆ ಸಿ.ಡಿ.ಯಲ್ಲಿ ಇದೆ, ಆದರೆ ಓದುವಂತಿಲ್ಲ.

ಈ ಕಿಚಡಿ ಏಕೆ ಆಗುತ್ತದೆ ಎಂಬುದನ್ನು ತುಸು ವಿವರವಾಗಿ ತಿಳಿಯುವುದು ಒಳ್ಳೆಯದು. ಗಣಕಯಂತ್ರ ಮೊದಲು ಬಂದಾಗ ಅದಕ್ಕೆ ಇಂಗ್ಲಿಷಿನ ಮತ್ತು ಕೆಲವು ಯುರೋಪಿನ ಭಾಷೆಗಳ ಅಕ್ಷರಗಳಿಗಷ್ಟೇ ಸ್ಥಾನವಿತ್ತು. ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಆದ್ದರಿಂದ ಕನ್ನಡದ ಉತ್ಸಾಹಿಗಳು ಒಂದು ಉಪಾಯ ಮಾಡಿದರು. ರೋಮನ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಚೂರುಗಳ ಚಿತ್ರವನ್ನು ಕೂರಿಸಿದ ಫಾಂಟುಗಳನ್ನು ಮಾಡಿದರು. ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದಂತೆ! ಅಂಥ ಒಂದು ಬಹುಬಳಕೆಯ ಪದ್ಧತಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ನಿಜವಾಗಿ ಉಳಿಯುವುದು ಏನು ಗೊತ್ತೇ? ರೋಮನ್ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಗೀಟಿನ ಎ. ಒಟ್ಟು 7 ಗುರುತುಗಳು. ಗೀಟಿನ ಎ ಎಂಬುದು ನಮ್ಮ ತಲೆಕಟ್ಟಿನ ಪಾತ್ರ ವಹಿಸಿದೆ, ಜರ್ಮನ್ ಅಕ್ಷರ ನ-ಒತ್ತಿನ ವೇಷ ಹಾಕಿದೆ. ಆ ಫಾಂಟು ಇರುವ ತನಕ ವೇಷ ಚೆನ್ನಾಗಿಯೇ ಕಾಣುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಬಣ್ಣ ಕಳಚಿ ಒಳಗಿನವರು ಹೊರಗೆ ಬರುತ್ತಾರೆ.

ಆ ಕಾಲದವರನ್ನು ನಾವು ದೂರುವಂತಿಲ್ಲ. ಆ ಉಪಾಯ ಇಲ್ಲದಿದ್ದರೆ ಕನ್ನಡ ಪತ್ರಿಕೆ, ಪುಸ್ತಕಗಳು ಗಣಕಯಂತ್ರದ ಹೊಸ್ತಿಲು ದಾಟುತ್ತಿರಲಿಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. ಅದು ನಮ್ಮೂರುಗಳ ಮೇಜಿನವರೆಗೆ ಬಂದು ಮುಟ್ಟಲು ಬಹಳ ವರ್ಷ ಹಿಡಿಯಿತು. ಯೂನಿಕೋಡಿನಲ್ಲಿ ‘ಕನ್ನಡ’ ಎಂದರೆ 5 ಸಂಖ್ಯೆಗಳು: ಕ-ಕ್ಕೆ 3221, ನ-ಕ್ಕೆ 3240, ವಿರಾಮಕ್ಕೆ, ಅಂದರೆ ಅರ್ಧಾಕ್ಷರದ ಗುರುತಿಗೆ, 3277, ಮತ್ತೆ ನ-ಕ್ಕೆ 3240, ಡ-ಕ್ಕೆ 3233. ಈ ಸಂಖ್ಯೆಗಳು ಕಾಸರಗೋಡಿನಲ್ಲೂ ಅವೇ, ಕ್ಯಾಲಿಫೋರ್ನಿಯಾದಲ್ಲೂ ಅವೇ. ವ್ಯಾಕರಣ ಬಲ್ಲ ವಿದ್ಯಾರ್ಥಿ ಇಲ್ಲೊಂದು ಸ್ವಾರಸ್ಯ ಗಮನಿಸಬಹುದು. ‘ಸೂರ್ಯ’ ಎಂಬಲ್ಲಿ ರಕಾರ ಉಚ್ಚಾರದಲ್ಲಿ ಯಕಾರಕ್ಕಿಂತ ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ಅದರ ಹಿಂದೆ ನಿಲ್ಲುತ್ತದೆ. ಹಳೆಯ ಪದ್ಧತಿ ಕಣ್ಣಿಗೆ ಕಂಡ ಕ್ರಮವನ್ನೇ ಕಡತದಲ್ಲಿ ಇಡುತ್ತಿತ್ತು. ಯೂನಿಕೋಡು ಉಚ್ಚಾರದ ಕ್ರಮವನ್ನು ಇಡುತ್ತದೆ. ಕೇಶಿರಾಜನ ಕೈಯಲ್ಲಿ ಕೊಟ್ಟಿದ್ದರೆ ಅವನೂ ಹೀಗೆಯೇ ಮಾಡುತ್ತಿದ್ದನೇನೋ!

ಉಚ್ಚಾರದ ಕ್ರಮದಲ್ಲಿ ಇಟ್ಟುದನ್ನು ಕಣ್ಣಿಗೆ ಬೇಕಾದ ಕ್ರಮದಲ್ಲಿ ಜೋಡಿಸಿ, ಒತ್ತನ್ನು ಕೆಳಗಿಟ್ಟು, ದೀರ್ಘವನ್ನು ಪಕ್ಕಕ್ಕೆ ಸೇರಿಸುವ ಕೆಲಸಕ್ಕೆ ಮತ್ತೊಂದು ತಂತ್ರಾಂಶ ಬೇಕಾಗುತ್ತದೆ. ಹಾರ್ಫ್‌ಬಝ್ ಎಂಬುದು ಅಂಥದು. ಹರ್ಫ್ ಎಂದರೆ ಅಕ್ಷರ, ಬಾಝ್ ಎಂದರೆ ತೆರೆದದ್ದು, ಪಾರಸಿ ಭಾಷೆಯ ಮಾತು. ಜಗತ್ತಿನ ಅದೆಷ್ಟೋ ಕೋಟಿ ಮೊಬೈಲುಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕಾಣಿಸುವಂತೆ ಮಾಡುತ್ತಿರುವುದು ಇದು. ಇದನ್ನು ಯಾರೂ ಕಾಸು ಕೊಟ್ಟು ಕೊಂಡಿಲ್ಲ, ಹೆಸರು ಕೇಳಿದವರೂ ಕಡಿಮೆ. ಇದು ಸ್ವತಂತ್ರ ತಂತ್ರಾಂಶ.

ಈಗ ನಾವು ನಮ್ಮ ಮುಖ್ಯ ವಿಷಯಕ್ಕೆ ಬಂದೆವು. ಸ್ವತಂತ್ರ ತಂತ್ರಾಂಶ ಎಂದರೇನು? ‘ಪುಕ್ಕಟೆ’ ಎಂದು ಹೆಚ್ಚಿನವರು ತಿಳಿದಿದ್ದಾರೆ. ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವತಂತ್ರಕ್ಕೂ ಒಂದೇ ಮಾತು ಇರುವುದರಿಂದ ಈ ಗೊಂದಲ ಹುಟ್ಟಿತು. ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ‘ಸ್ವತಂತ್ರ’ ಎಂಬ ಪದವೇ ಇದೆ. ಆದ್ದರಿಂದ ನಮಗೆ ಗೊಂದಲಕ್ಕೆ ಕಾರಣವಿಲ್ಲ. ತಂತ್ರಾಂಶವನ್ನು ಮನುಷ್ಯರು ಓದಬಲ್ಲ ಒಂದು ಭಾಷೆಯಲ್ಲಿ ಬರೆಯುತ್ತಾರೆ. ಅದಕ್ಕೆ ಮೂಲಪಾಠ ಎನ್ನೋಣ. ಆಮೇಲೆ ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ರೂಪಕ್ಕೆ ಪರಿವರ್ತಿಸುತ್ತಾರೆ. ಹೆಚ್ಚಿನ ವ್ಯಾಪಾರಿ ಸಂಸ್ಥೆಗಳು ಯಂತ್ರರೂಪವನ್ನಷ್ಟೇ ಮಾರುತ್ತವೆ, ಮೂಲಪಾಠವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತವೆ.

ಈ ಬೀಗದ ವಿರುದ್ಧ ಮೊದಲು ಎದ್ದು ನಿಂತವರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಮುಖ್ಯರು. ಕಾರಣ ಕೇಳಿದರೆ ನಗು ಬರಬಹುದು. ಅದೊಂದು ಮುದ್ರಣಯಂತ್ರದ ಜಗಳ. 1980ರ ಸುಮಾರಿಗೆ ಅವರು ಕೆಲಸ ಮಾಡುತ್ತಿದ್ದ ಎಂ.ಐ.ಟಿ. ಪ್ರಯೋಗಶಾಲೆಗೆ ಹೊಸ ಲೇಸರ್ ಪ್ರಿಂಟರ್ ಬಂತು. ಅದು ಬೇರೊಂದು ಮಹಡಿಯಲ್ಲಿತ್ತು. ನಡುನಡುವೆ ಕಾಗದ ಸಿಕ್ಕಿ ನಿಂತುಬಿಡುತ್ತಿತ್ತು. ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ಸ್ಟಾಲ್‌ಮನ್ ತಿದ್ದಿ, ಕಾಗದ ಸಿಕ್ಕಿದರೆ ಎಲ್ಲರಿಗೂ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸತರ ಮೂಲಪಾಠ ಸಿಗಲಿಲ್ಲ. ಅದನ್ನು ಹೊಂದಿದ್ದ ಒಬ್ಬರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿದ್ದೇನೆ ಎಂಬ ಉತ್ತರ ಬಂತು. ತನ್ನ ಮುಂದಿರುವ ಯಂತ್ರವನ್ನು ತಾನೇ ರಿಪೇರಿ ಮಾಡಬಲ್ಲವನಿಗೆ ಮಾಡಲು ಬಿಡುವುದಿಲ್ಲವೆಂದರೆ ಹೇಗಾದೀತು? 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. 1985ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಸ್ಥಾಪನೆಯಾಯಿತು.

ಅವರು ಹೇಳಿದ ಸ್ವಾತಂತ್ರ್ಯಗಳು ನಾಲ್ಕು. ನಮಗೆ ಪರಿಚಿತವಾದ ಯಕ್ಷಗಾನದಿಂದಲೇ ಅವನ್ನು ತಿಳಿದುಕೊಳ್ಳಬಹುದು. ಪಾರ್ತಿಸುಬ್ಬನದೆಂದು ನಾವು ಹೆಮ್ಮೆಪಡುವ ಕುಂಬಳೆ ಸೀಮೆಯ ಪ್ರಸಂಗಗಳನ್ನು ಯಾವ ಮೇಳವಾದರೂ ಆಡಬಹುದು. ಆಟವಾಗಿಯೂ ಆಡಬಹುದು, ತಾಳಮದ್ದಳೆಯಾಗಿಯೂ ನಡೆಸಬಹುದು. ಯಾವ ಉದ್ದೇಶಕ್ಕಾದರೂ ಬಳಸುವ ಸ್ವಾತಂತ್ರ್ಯ ಇದು. ಪದ್ಯಗಳನ್ನು ಓದಿ ಅಭ್ಯಾಸ ಮಾಡಬಹುದು. ಪ್ರತಿ ತೆಗೆದು ನೆರೆಯೂರಿನವರಿಗೆ ಕೊಡಬಹುದು. ಕೆಲವು ಪದ್ಯ ಬಿಟ್ಟು, ಕೆಲವು ಸೇರಿಸಿ, ತಮ್ಮದೇ ಅರ್ಥ ಹೇಳಿ ರಂಗಕ್ಕೆ ತರಬಹುದು. ಓದು, ಬಳಸು, ಹಂಚು, ತಿದ್ದು. ತಂತ್ರಾಂಶಕ್ಕೂ ಈ ನಾಲ್ಕು ಇರಬೇಕು ಎಂಬುದೇ ವಾದ. ಮೇಳದವರು ವೀಳ್ಯ ತೆಗೆದುಕೊಳ್ಳುವಂತೆ ಸ್ವತಂತ್ರ ತಂತ್ರಾಂಶದವರೂ ಕೆಲಸಕ್ಕೆ ಹಣ ಪಡೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಹಾಗೆಯೇ, ಪುಕ್ಕಟೆ ಸಿಗುವುದೆಲ್ಲ ಸ್ವತಂತ್ರವೂ ಅಲ್ಲ. ನಿಮ್ಮ ಮೊಬೈಲಿನಲ್ಲಿ ಕಾಸಿಲ್ಲದೆ ಸಿಕ್ಕ ಎಷ್ಟೋ ತಂತ್ರಾಂಶಗಳ ಮೂಲಪಾಠಕ್ಕೆ ಬೀಗವೇ ಇದೆ.

ಇನ್ನು ದಾಖಲೆಗಳ ಕಡತಕ್ಕೆ ಬರೋಣ. ದಿನಬಳಕೆಯ ದಾಖಲೆಗಳಲ್ಲಿ ಎರಡು ಜಾತಿ. ಒಂದು ಹಸ್ತಪ್ರತಿಯಂಥದು, ತಿದ್ದಬಹುದು, ಸೇರಿಸಬಹುದು, ಹೊಡೆದುಹಾಕಬಹುದು. ಇನ್ನೊಂದು ಅಚ್ಚಾದ ಹಾಳೆಯಂಥದು, ನೋಡಬಹುದು, ಓದಬಹುದು. ಈ ಎರಡನೆಯದೇ ಎಲ್ಲರ ಬಾಯಲ್ಲಿರುವ ಪಿ.ಡಿ.ಎಫ್. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದುದನ್ನು ನೋಡಿದ ಹಿರಿಯರಿಗೆ ಇದು ಬೇಗ ತಿಳಿಯುತ್ತದೆ. ಪುಟದ ಯಾವ ಜಾಗದಲ್ಲಿ ಯಾವ ಮೊಳೆ ಕೂರಬೇಕು ಎಂಬ ಪಟ್ಟಿಯೇ ಪಿ.ಡಿ.ಎಫ್. ಬೇಕಾದ ಅಕ್ಷರಗಳ ಮೊಳೆಗಳನ್ನೂ ಕಡತದೊಳಗೇ ಕಟ್ಟಿಕೊಂಡು ಹೋಗಬಹುದು. ಹಾಗೆ ಕಟ್ಟಿಕೊಂಡು ಹೋದರೆ ಎಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣುತ್ತದೆ.

ಪಿ.ಡಿ.ಎಫ್. ಹುಟ್ಟಿದ್ದು ಅಡೋಬಿ ಎಂಬ ಅಮೆರಿಕದ ಸಂಸ್ಥೆಯಲ್ಲಿ. ಅದರ ಸ್ಥಾಪಕರಲ್ಲೊಬ್ಬರಾದ ಜಾನ್ ವಾರ್ನಾಕ್ 1991ರಲ್ಲಿ ಇದರ ಯೋಜನೆ ಹಾಕಿದರು, 1993ರಲ್ಲಿ ಅದು ಹೊರಬಂತು. ಆ ಸಂಸ್ಥೆ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಕಡತದ ರಚನೆಯ ವಿವರವನ್ನು ಮುಚ್ಚಿಡದೆ ಪ್ರಕಟಿಸಿದ್ದು. 2008ರಲ್ಲಿ ಅದು ಐ.ಎಸ್.ಓ. 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ರಚನೆ ಬಹಿರಂಗವಾಗಿದ್ದುದರಿಂದ ಅದನ್ನು ಓದುವ ತಂತ್ರಾಂಶವನ್ನು ಯಾರು ಬೇಕಾದರೂ ಬರೆಯುವಂತಾಯಿತು. ಇದಕ್ಕೂ ಮೊದಲು, 1988ರಲ್ಲಿ, ಪೀಟರ್ ಡಾಯ್ಚ್ ಎಂಬವರು ಪಿ.ಡಿ.ಎಫ್.ನ ತಾಯಿ ಎನ್ನಬಹುದಾದ ಪೋಸ್ಟ್‌ಸ್ಕ್ರಿಪ್ಟ್ ಭಾಷೆಗಾಗಿ ಗೋಸ್ಟ್‌ಸ್ಕ್ರಿಪ್ಟ್ ಬರೆದಿದ್ದರು. 1995ರಲ್ಲಿ ಡೆರೆಕ್ ನೂನ್‌ಬರ್ಗ್ ಎಕ್ಸ್-ಪಿ.ಡಿ.ಎಫ್. ಬರೆದರು. ಅದರ ಮೂಲಪಾಠದಿಂದ 2005ರಲ್ಲಿ ಪಾಪ್ಲರ್ ಎಂಬ ಕವಲು ಒಡೆಯಿತು. ನಮ್ಮ ಶಾಲೆಯ ಗಣಕಯಂತ್ರಗಳಲ್ಲಿ ಪ್ರಶ್ನೆಪತ್ರಿಕೆ, ಸುತ್ತೋಲೆ ಎಲ್ಲವನ್ನೂ ನಾವು ತೆರೆಯುವ ಎವಿನ್ಸ್ ಆಗಲಿ, ಬೇರೆಡೆ ಬಳಕೆಯಲ್ಲಿರುವ ಓಕ್ಯುಲರ್ ಆಗಲಿ ಒಳಗೆ ಈ ಪಾಪ್ಲರಿನ ಹೆಗಲ ಮೇಲೆಯೇ ಕೂತಿವೆ. ವಿಂಡೋಸ್ ಇರುವ ಮನೆಗಳಲ್ಲಿ ಸುಮಾತ್ರಾ ಪಿ.ಡಿ.ಎಫ್. ಎಂಬ ಚಿಕ್ಕ ತಂತ್ರಾಂಶ ಸಾಕು. ಹಳೆಯ, ನಿಧಾನದ ಯಂತ್ರದಲ್ಲಿಯೂ ಅದು ಚುರುಕಾಗಿ ತೆರೆಯುತ್ತದೆ.

ಪಿ.ಡಿ.ಎಫ್. ಬಗ್ಗೆ ನಮ್ಮ ಒಂದು ತಕರಾರನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕನ್ನಡದ ಪಿ.ಡಿ.ಎಫ್.ನಿಂದ ಒಂದು ವಾಕ್ಯ ಪ್ರತಿ ಮಾಡಿ ಬೇರೆಡೆ ಅಂಟಿಸಿ ನೋಡಿ. ಅನೇಕ ಸಲ ಒತ್ತಕ್ಷರ ಚದರಿ, ಕೊಂಬು ಕಳಚಿ, ಅರ್ಥವಿಲ್ಲದ ಅಕ್ಷರರಾಶಿ ಬರುತ್ತದೆ. ಕಾರಣವನ್ನು ಮೇಲೆಯೇ ಹೇಳಿದ್ದೇವೆ. ಅದರಲ್ಲಿ ಪ್ರಧಾನವಾಗಿ ಇರುವುದು ಮೊಳೆಗಳ ಪಟ್ಟಿ, ಮಾತುಗಳ ಪಟ್ಟಿಯಲ್ಲ. ಯಾವ ಮೊಳೆ ಯಾವ ಅಕ್ಷರ ಎಂಬ ಕೈಪಿಡಿಯನ್ನು ಕಡತದೊಳಗೆ ಇಡಲು ಅವಕಾಶವಿದೆ. ಆದರೆ ಇಂಗ್ಲಿಷಿಗೆ ಒಂದು ಮೊಳೆ ಒಂದು ಅಕ್ಷರ, ಕನ್ನಡಕ್ಕೆ ಹಾಗಲ್ಲವಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಎಷ್ಟು ಮೊಳೆ ಬೇಕೆಂದು ಎಣಿಸಿ ನೋಡಿ. ಆದ್ದರಿಂದ ಪಿ.ಡಿ.ಎಫ್. ಮಾತ್ರ ಇಟ್ಟುಕೊಂಡು ಮೂಲ ಕಡತವನ್ನು ಅಳಿಸುವುದು ಬೆಳೆ ಮಾರಿ ಬಿತ್ತನೆಯ ಕಾಳನ್ನೂ ಮಾರಿದಂತೆ.

ಹಸ್ತಪ್ರತಿಯಂಥ ಕಡತಕ್ಕೆ ಸ್ವತಂತ್ರ ಲೋಕದ ಉತ್ತರ ಓ.ಡಿ.ಎಫ್., ಅಂದರೆ ಮುಕ್ತ ದಾಖಲೆ ರೂಪ. ಇದರ ರಚನೆಯ ಪೂರ್ಣ ವಿವರ 2005ರಲ್ಲಿ ಮಾನಕವಾಗಿ ಅಂಗೀಕೃತವಾಯಿತು. 2006ರಲ್ಲಿ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಭಾರತ ಸರಕಾರ 2010ರಲ್ಲಿ ತನ್ನ ವಿದ್ಯುನ್ಮಾನ ಆಡಳಿತಕ್ಕೆ ಮುಕ್ತ ಮಾನಕಗಳನ್ನೇ ಬಳಸಬೇಕೆಂಬ ನೀತಿಯನ್ನು ಪ್ರಕಟಿಸಿತು. ಓ.ಡಿ.ಎಫ್.ನ ಒಳಗನ್ನು ನೀವೇ ನೋಡಬಹುದು. ಶಾಲೆಯ ಪ್ರಯೋಗಾಲಯದಲ್ಲಿ ಲಿಬ್ರೆ ಆಫೀಸ್ ರೈಟರಿನಲ್ಲಿ ಎರಡು ಸಾಲು ಕನ್ನಡ ಬರೆದು ಉಳಿಸಿ. ಆ ಕಡತದ ಒಂದು ಪ್ರತಿ ಮಾಡಿ, ಪ್ರತಿಯ ಹೆಸರಿನ ಬಾಲದಲ್ಲಿರುವ ಓ.ಡಿ.ಟಿ. ಎಂಬುದನ್ನು ಅಳಿಸಿ ಜಿಪ್ ಎಂದು ಬರೆಯಿರಿ. ಈಗ ಅದನ್ನು ತೆರೆದರೆ ಒಂದು ಗಂಟು ಬಿಚ್ಚಿದಂತಾಗುತ್ತದೆ. ಒಳಗೆ ಹಲವು ಚಿಕ್ಕ ಕಡತಗಳಿವೆ. ಒಂದರಲ್ಲಿ ನೀವು ಬರೆದ ಮಾತು, ಒಂದರಲ್ಲಿ ಅಕ್ಷರದ ಗಾತ್ರ, ಅಂಚು ಮುಂತಾದ ಅಲಂಕಾರ, ಇನ್ನೊಂದರಲ್ಲಿ ಬರೆದ ದಿನಾಂಕ ಇತ್ಯಾದಿ. ಮಾತಿನ ಕಡತವನ್ನು ಸಾಮಾನ್ಯ ಪಠ್ಯದಂತೆ ತೆರೆದರೆ, ಗುರುತುಗಳ ಪೊದೆಯ ನಡುವೆ ನಿಮ್ಮ ಕನ್ನಡದ ಸಾಲು ಇದ್ದಂತೆ ಇದೆ. ಇದರ ಅರ್ಥವೇನು? ನಾಳೆ ಲಿಬ್ರೆ ಆಫೀಸೇ ಇಲ್ಲವಾದರೂ ನಿಮ್ಮ ಮಾತು ಉಳಿಯುತ್ತದೆ. ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳು ಈ ಪ್ರಯೋಗ ಮಾಡಿದಾಗ, ಎದುರಿನ ಬೆಂಚಿನವರು ಹಿಂದಿನ ಬೆಂಚಿನವರ ಕಡತ ಬಿಚ್ಚಿ, ಅದು ಯಾವ ಹೊತ್ತಿಗೆ ತಯಾರಾಯಿತೆಂದು ಕಂಡುಹಿಡಿದು, ಮನೆಗೆಲಸ ನಕಲು ಮಾಡಿದವರನ್ನು ಹಿಡಿದುಕೊಟ್ಟರು. ಅದು ಬೇರೆ ಕತೆ.

ಈ ಲಿಬ್ರೆ ಆಫೀಸಿನ ವಂಶಾವಳಿ ತಿಳಿದುಕೊಳ್ಳುವಂಥದು. ಜರ್ಮನಿಯ ಲ್ಯೂನೆಬರ್ಗ್ ಎಂಬ ಊರಿನಲ್ಲಿ ಮಾರ್ಕೋ ಬೋರಿಸ್ ಎಂಬ ಹುಡುಗ 1980ರ ದಶಕದ ನಡುವೆ, ನಮ್ಮ ಹತ್ತನೆಯವರ ವಯಸ್ಸಿನಲ್ಲಿ, ಸ್ಟಾರ್‌ರೈಟರ್ ಎಂಬ ಬರವಣಿಗೆಯ ತಂತ್ರಾಂಶ ಬರೆದು ಒಂದು ಸಂಸ್ಥೆ ಕಟ್ಟಿದ. ಅದು ಬೆಳೆದು ಸ್ಟಾರ್ ಆಫೀಸ್ ಆಯಿತು. 1999ರಲ್ಲಿ ಅಮೆರಿಕದ ಸನ್ ಸಂಸ್ಥೆ ಅದನ್ನು ಕೊಂಡಿತು, ಮರುವರ್ಷವೇ ಅದರ ಮೂಲಪಾಠವನ್ನು ಬಹಿರಂಗಪಡಿಸಿತು. 2002ರಲ್ಲಿ ಓಪನ್ ಆಫೀಸ್‌ನ ಮೊದಲ ಆವೃತ್ತಿ ಬಂತು. 2010ರಲ್ಲಿ ಸನ್ ಸಂಸ್ಥೆಯೇ ಓರೇಕಲ್ ಎಂಬ ಮತ್ತೊಂದು ದೊಡ್ಡ ಸಂಸ್ಥೆಯ ಕೈಗೆ ಹೋಯಿತು. ಹೊಸ ಯಜಮಾನರ ಕೈಯಲ್ಲಿ ತಮ್ಮ ಕೆಲಸದ ಗತಿ ಏನಾಗುವುದೋ ಎಂದು ಕಾರ್ಯಕರ್ತರಿಗೆ ಚಿಂತೆಯಾಯಿತು. ಯಜಮಾನರು ಬದಲಾದಾಗ ಕಲಾವಿದರು ಹೊರಬಂದು ಅದೇ ಪ್ರಸಂಗಗಳನ್ನು ಹಿಡಿದು ಹೊಸ ಮೇಳ ಕಟ್ಟುವುದನ್ನು ನಾವು ಕಂಡಿದ್ದೇವಷ್ಟೆ? ಹಾಗೆಯೇ ಆಯಿತು. 2010ರ ಸೆಪ್ಟೆಂಬರಿನಲ್ಲಿ ಅವರು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಪ್ರತಿಷ್ಠಾನವನ್ನು ಘೋಷಿಸಿ, ಮೂಲಪಾಠದ ಪ್ರತಿಯೊಂದಿಗೆ ಲಿಬ್ರೆ ಆಫೀಸನ್ನು ಹೊರಡಿಸಿದರು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಪರವಾನಗಿಯಲ್ಲಿಯೇ ಆ ಹಕ್ಕು ಇತ್ತು. ಬೀಗ ಹಾಕಿದ ತಂತ್ರಾಂಶಕ್ಕೆ ಇದೇ ಗತಿ ಬಂದಿದ್ದರೆ ಬಳಸುವವರು ಕೈಕಟ್ಟಿ ನೋಡುತ್ತಿರಬೇಕಾಗಿತ್ತು. ನಮ್ಮ ಕಪಾಟಿನ ಸಿ.ಡಿ.ಗೆ ಆದದ್ದೂ ಅದೇ.

ನಾವಿರುವ ಕೇರಳ ರಾಜ್ಯ ಈ ವಿಷಯದಲ್ಲಿ ದೇಶಕ್ಕೇ ಮಾದರಿಯಾಗಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. 2001ರಲ್ಲಿ ತಿರುವನಂತಪುರದಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನದ ಭಾರತದ ಸೋದರ ಸಂಸ್ಥೆ ಆರಂಭವಾಯಿತು. ಅದೇ ಕಾಲದಲ್ಲಿ ಐ.ಟಿ. ಎಟ್ ಸ್ಕೂಲ್ ಯೋಜನೆ ಶಾಲೆಗಳಿಗೆ ಬಂತು. ಕ್ರಮೇಣ ಶಾಲೆಗಳ ಗಣಕಯಂತ್ರಗಳೆಲ್ಲ ಸ್ವತಂತ್ರ ತಂತ್ರಾಂಶಕ್ಕೆ ಬದಲಾದವು. ಆ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು, 2018ರಲ್ಲಿ ಲಿಟಲ್ ಕೈಟ್ಸ್ ಕ್ಲಬ್ಬುಗಳು ಹುಟ್ಟಿದವು. ನಮ್ಮ ಮಕ್ಕಳು ಬಳಸುವುದು ಉಬುಂಟು ಆಧಾರದ ಮೇಲೆ ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನೂ-ಲಿನಕ್ಸ್. ಎಷ್ಟು ಯಂತ್ರಕ್ಕೆ ಹಾಕಿದರೂ ಪರವಾನಗಿ ಶುಲ್ಕವಿಲ್ಲ. ಅದರ ಪ್ರತಿಯನ್ನು ಮನೆಗೆ ಒಯ್ದು ಹಾಕಿಕೊಂಡರೂ ಕಳ್ಳತನವಲ್ಲ. ಪೇಟೆಯಲ್ಲಿ ಕದ್ದ ಪ್ರತಿಗಳನ್ನು ಹಾಕಿಸಿಕೊಂಡು, ಅದರೊಡನೆ ವೈರಸ್ಸನ್ನೂ ಮನೆಗೆ ಕರೆತರುವ ಪರಿಪಾಠ ಇನ್ನೂ ನಿಂತಿಲ್ಲ. ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳುವ ಮನೆಯಲ್ಲಿ ಅದು ಶೋಭಿಸುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಆದರೆ ಕನ್ನಡಿಗರಾಗಿ ನಮಗೆ ಇದರಲ್ಲಿ ಇನ್ನೊಂದು ಲಾಭವಿದೆ, ಅದೇ ನಮ್ಮ ದೃಷ್ಟಿಯಲ್ಲಿ ಹೆಚ್ಚಿನದು. ಗಡಿಯ ಈಚೆಗಿರುವ ನಾವು ಸಂಖ್ಯೆಯಲ್ಲಿ ಕಡಿಮೆ. ವ್ಯಾಪಾರಿ ಸಂಸ್ಥೆಗೆ ಗಿರಾಕಿಗಳ ಲೆಕ್ಕವೇ ಮುಖ್ಯ. ಕನ್ನಡದ ಒಂದು ಒತ್ತು ತಪ್ಪಾಗಿ ಕಂಡರೆ ಅದನ್ನು ಸರಿಪಡಿಸುವುದು ಅವರಿಗೆ ಲಾಭವೆನಿಸದೆ ಇರಬಹುದು. ಸ್ವತಂತ್ರ ತಂತ್ರಾಂಶದಲ್ಲಿ ಬಲ್ಲವನೊಬ್ಬ ಕುಳಿತು ತಿದ್ದಿದರೆ ಸಾಕು. ಲಿಬ್ರೆ ಆಫೀಸಿನ ಪಟ್ಟಿಗಳನ್ನು ಕನ್ನಡದಲ್ಲಿಯೇ ನೋಡಬಹುದು. ಗುಬ್ಬಿ, ನವಿಲು ಎಂಬ ಚಂದದ ಹೆಸರಿನ ಕನ್ನಡ ಫಾಂಟುಗಳು ಸ್ವತಂತ್ರವಾಗಿ ಸಿಗುತ್ತವೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಉಚ್ಚಾರಕ್ಕೆ ತಕ್ಕ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಮಾಡಿ, ಯಾವ ಹಕ್ಕನ್ನೂ ಕೇಳದೆ ಲೋಕಕ್ಕೆ ಬಿಟ್ಟುಕೊಟ್ಟರು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ಸೇಡಿಯಾಪು. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆ ಅದು. ಆ ವಿನ್ಯಾಸದ ಮೇಲೆ ನಿಂತ ಕೀಲಿಮಣೆ ಇಂದು ಲಿನಕ್ಸಿನಲ್ಲಿ ಮೊದಲೇ ಬಂದಿರುತ್ತದೆ, ಹುಡುಕಿ ಹಾಕಬೇಕಾದ್ದಿಲ್ಲ. 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ಸಿಕ್ಕಿದೆ. ನಮ್ಮ ಅಟ್ಟದ ತಾಳೆಗರಿಗಳಲ್ಲಿ ಎಷ್ಟೋ ಆ ಲಿಪಿಯಲ್ಲಿಯೇ ಇವೆ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗದ ಸ್ವಯಂಸೇವಕರು ಮಲಯಾಳಕ್ಕೆ ಒಂದರ ಮೇಲೊಂದು ಅಂದದ ಫಾಂಟುಗಳನ್ನು ಮಾಡಿಕೊಟ್ಟಿದ್ದಾರೆ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ಅವರಿಂದ ಕಲಿತು ಕನ್ನಡಕ್ಕೆ ದುಡಿಯಬಾರದೇಕೆ?

ಪುಸ್ತಕದ ಪುಟ ಕಟ್ಟಲು ಸ್ಕ್ರೈಬಸ್ ಎಂಬುದಿದೆ. ಕಲಿಯಲು ತುಸು ತಾಳ್ಮೆ ಬೇಕು. ಗಣಿತದ ಸೂತ್ರಗಳುಳ್ಳ ಪುಟಗಳಿಗೆ ಟೆಕ್ ಎಂಬುದಕ್ಕೆ ಸಮನಿಲ್ಲ. ತಮ್ಮ ಪುಸ್ತಕದ ಹೊಸ ಮುದ್ರಣದ ಕರಡು ಹಾಳೆಗಳ ಅಕ್ಷರ ಅಂದಗೆಟ್ಟುದನ್ನು 1977ರಲ್ಲಿ ಕಂಡು ಬೇಸತ್ತ ಡೊನಾಲ್ಡ್ ನೂಥ್ ಎಂಬ ಪ್ರಾಧ್ಯಾಪಕರು ಬೇರೆ ಕೆಲಸ ಬದಿಗಿಟ್ಟು ತಾವೇ ಬರೆದ ತಂತ್ರಾಂಶ ಅದು. ಟೆಸರಾಕ್ಟ್ ಎಂಬುದು ಅಚ್ಚಾದ ಪುಟದ ಚಿತ್ರವನ್ನು ನೋಡಿ ಅಕ್ಷರ ಗುರುತಿಸುತ್ತದೆ, ಕನ್ನಡವನ್ನೂ ಓದುತ್ತದೆ. ಮಾಸಿದ ಹಾಳೆಯಾದರೆ ಒತ್ತಕ್ಷರಗಳಲ್ಲಿ ಎಡವುತ್ತದೆ, ಆದ್ದರಿಂದ ಕರಡು ತಿದ್ದುವ ಮನುಷ್ಯ ಬೇಕೇ ಬೇಕು.

ರಕ್ಷಕರು ಕೇಳುವ ಒಂದು ಪ್ರಶ್ನೆ ಇದೆ: “ಕಚೇರಿಗಳಲ್ಲೆಲ್ಲ ಬೇರೆ ತಂತ್ರಾಂಶ ಇರುವಾಗ, ಮಾಸ್ತರರೇ, ಇದನ್ನು ಕಲಿತರೆ ಮಕ್ಕಳಿಗೆ ಕೆಲಸ ಸಿಕ್ಕೀತೇ?” ಪ್ರಶ್ನೆ ನ್ಯಾಯವಾದದ್ದೇ. ಒಂದರಲ್ಲಿ ಪತ್ರ ಬರೆಯಲು, ಲೆಕ್ಕದ ಹಾಳೆ ಹಾಕಲು ಚೆನ್ನಾಗಿ ಕಲಿತವನಿಗೆ ಇನ್ನೊಂದು ಒಂದು ವಾರದ ಅಭ್ಯಾಸ. ಬೇರೆಯವರು ಕಳುಹಿಸಿದ ಡಾಕ್ಸ್ ಕಡತಗಳನ್ನು ಲಿಬ್ರೆ ಆಫೀಸ್ ತೆರೆಯುತ್ತದೆ, ಹಾಗೆಯೇ ಉಳಿಸಿಯೂ ಕೊಡುತ್ತದೆ. ಕೋಷ್ಟಕಗಳೂ ಚಿತ್ರಗಳೂ ತುಂಬಿದ ಕಡತವಾದರೆ ಸಾಲು ಹಿಂದುಮುಂದಾಗುವುದುಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಅರ್ಜಿಯನ್ನೋ ಸ್ವವಿವರವನ್ನೋ ಕಳುಹಿಸುವಾಗ ಪಿ.ಡಿ.ಎಫ್. ಮಾಡಿ ಕಳುಹಿಸಿದರೆ ಈ ತೊಂದರೆ ಇಲ್ಲ.

ಪಿ.ಡಿ.ಎಫ್. ಮಾಡುವಾಗ ಲಿಬ್ರೆ ಆಫೀಸ್ ತೋರಿಸುವ ಪಟ್ಟಿಯನ್ನು ಅವಸರದಲ್ಲಿ ದಾಟಿಬಿಡಬೇಡಿ. ಅದರಲ್ಲಿ ಎರಡು ಆಯ್ಕೆಗಳಿವೆ. ಒಂದು ಪಿ.ಡಿ.ಎಫ್.-ಎ, ದೀರ್ಘಕಾಲ ಕಾಪಿಡುವ ದಾಖಲೆಗೆಂದೇ 2005ರಲ್ಲಿ ಮಾನಕವಾದ ರೂಪ. ಇದರಲ್ಲಿ ಫಾಂಟುಗಳನ್ನು ಕಡತದೊಳಗೆ ಸೇರಿಸುವುದು ಕಡ್ಡಾಯ. ಇನ್ನೊಂದು ಮಿಶ್ರ ಪಿ.ಡಿ.ಎಫ್. ಇದನ್ನು ಆರಿಸಿದರೆ ಪಿ.ಡಿ.ಎಫ್.ನ ಹೊಟ್ಟೆಯೊಳಗೆ ತಿದ್ದಬಹುದಾದ ಓ.ಡಿ.ಎಫ್. ಕಡತವೂ ಸೇರಿಕೊಳ್ಳುತ್ತದೆ. ಓದುವವರಿಗೆ ಸಾಮಾನ್ಯ ಪಿ.ಡಿ.ಎಫ್.ನಂತೆ ಕಾಣುತ್ತದೆ, ಲಿಬ್ರೆ ಆಫೀಸಿನಲ್ಲಿ ತೆರೆದರೆ ಹಸ್ತಪ್ರತಿಯಾಗಿ ಎದ್ದು ಬರುತ್ತದೆ. ಇಷ್ಟು ಉಪಯೋಗದ ಸೌಲಭ್ಯವನ್ನು ಬಳಸುವವರು ಬಹಳ ವಿರಳ.

ಕಿಚಡಿಯಾಗಿದ್ದ ಹಳೆಯ ಸಂಚಿಕೆಯ ಕೆಲಸ ಈ ವರ್ಷ ಲಿಟಲ್ ಕೈಟ್ಸ್ ಮಕ್ಕಳ 6 ಮಂದಿಯ ಗುಂಪು ಹಿಡಿದಿದೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಸ್ವತಂತ್ರ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಬರೆದಿಟ್ಟಿದ್ದಾರೆ. ಯಂತ್ರ ಒಂದು ಕ್ಷಣದಲ್ಲಿ ತಿರುಗಿಸುತ್ತದೆ. ಆದರೆ ನಡುವೆ ಬಂದ ಇಂಗ್ಲಿಷ್ ಹೆಸರುಗಳನ್ನೂ ಅದು ಕನ್ನಡದ ವೇಷವೆಂದೇ ತಿಳಿದು ವಿಚಿತ್ರ ಅಕ್ಷರಗಳಾಗಿಸುತ್ತದೆ. ಕೆಲವೆಡೆ ಅರ್ಕಾವೊತ್ತು ಜಾಗ ತಪ್ಪುತ್ತದೆ. ಮಕ್ಕಳು ಒಬ್ಬರು ಓದಿ ಇನ್ನೊಬ್ಬರು ತಿದ್ದಿ 31 ಪುಟ ಮುಗಿಸಿದ್ದಾರೆ. ಆ ಕವಿತೆಯೂ ಸಿಕ್ಕಿದೆ, ನಾಲ್ಕನೆಯ ಸಾಲಿನಲ್ಲಿ ಒಂದು ಪದ ಮಾತ್ರ ಸ್ಪಷ್ಟವಾಗಿಲ್ಲ. ಬರೆದವರನ್ನೇ ಕೇಳಿ ತುಂಬಿಸಬೇಕಾಗಿದೆ. ತೆರೆಯದ ಇನ್ನೊಂದು ಸಿ.ಡಿ.ಯ ಸಂಚಿಕೆಯ ಅಚ್ಚಿನ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ, ಎಷ್ಟೇ ಹರಿದಿರಲಿ, ದಯವಿಟ್ಟು ನಮಗೆ ಒಂದು ವಾರದ ಮಟ್ಟಿಗೆ ಕೊಡಿ, ಸ್ಕ್ಯಾನ್ ಮಾಡಿ ಜೋಪಾನವಾಗಿ ಹಿಂದಿರುಗಿಸುತ್ತೇವೆ. ಈಗ ನಿಮ್ಮ ಕೈಯಲ್ಲಿರುವ ಸಂಚಿಕೆಯ ಬರಹಗಳೆಲ್ಲ ಓ.ಡಿ.ಟಿ. ಕಡತಗಳಾಗಿಯೂ ಮಿಶ್ರ ಪಿ.ಡಿ.ಎಫ್. ಆಗಿಯೂ ಗ್ರಂಥಾಲಯದ ಗಣಕಯಂತ್ರದಲ್ಲಿವೆ. ಬೇಕಾದವರು ಪೆನ್‌ಡ್ರೈವ್ ತಂದು ಪ್ರತಿ ಮಾಡಿಕೊಳ್ಳಬಹುದು.